ಮುಂದಿನ ಚಕ್ರ

ನೂರಿಪ್ಪತ್ತು ಕಿಲೋಮೀಟರ್ ಸೈಕಲ್ ಸವಾರಿಗೆ ಹೊರಟಿದ್ದೇನೆಂದು ನನ್ನವರು ವಾರವಿಡೀ ಗೆಳೆಯರೆದುರು ಜಂಬ ಕೊಚ್ಚಿದ್ದರು. ದಾರಿಯಲ್ಲಿದ್ದ ಘಟ್ಟದ ಇಳಿಜಾರಿನಲ್ಲಿ ಎಲ್ಲಿ ಬೀಳುತ್ತಾರೋ ಎಂಬ ಭಯ ನನಗೆ. ಬೇಡವೆಂದರೆ ಕೇಳುವವರಲ್ಲ. ಹೊರಡುವ ದಿನ ಅವರು ಸ್ನಾನಕ್ಕೆ ಹೋದಾಗ ಮುಂದಿನ ಚಕ್ರಕ್ಕೆ ಸೂಜಿ ಚುಚ್ಚಿಬಿಟ್ಟೆ.

ಕರೆದೊಯ್ಯಲು ಬಂದ ಗೆಳೆಯ ಶ್ರೀಪಾದರು ಸೈಕಲ್ ನೋಡಿ ನಕ್ಕರು. "ಏನಯ್ಯಾ ಹುಲಿ, ಎರಡೂ ಚಕ್ರ ಪಂಕ್ಚರ್! ಒಂದಾಗಿದ್ರೆ ಈಗ್ಲೇ ಸರಿ ಮಾಡ್ತಿದ್ದೆ. ನನ್ನ ಹತ್ರ ಇರೋದು ಒಂದೇ ಟ್ಯೂಬ್."

"ಛೆ, ನನ್ನ ಹಣೆಬರಹ! ನೀನು ಹೊರಡಪ್ಪ," ಎಂದು ನನ್ನವರು ನಿಟ್ಟುಸಿರಿಟ್ಟರು.

ಶ್ರೀಪಾದರು ಗೇಟು ದಾಟಿದ ಮೇಲೆ ತಡೆಯಲಾರದೆ ಹೇಳಿಬಿಟ್ಟೆ. "ತಪ್ಪಾಯ್ತು ರೀ, ಚುಚ್ಚಿದ್ದು ನಾನೇ. ಆದ್ರೆ ಮುಂದಿನದಕ್ಕೆ ಮಾತ್ರ, ದೇವರಾಣೆ."

ಅವರು ಹೆಲ್ಮೆಟ್ ತೆಗೆದು, ಒಮ್ಮೆ ಗೇಟಿನತ್ತ ನೋಡಿ, ದನಿ ತಗ್ಗಿಸಿದರು.

"ನಂಬ್ತೀನಿ ಕಣೇ. ಹಿಂದಿನದಕ್ಕೆ ಚುಚ್ಚಿದ್ದು ನಾನು."