ಮಾಸ್ಕ್ ಇಳಿಸಿ ಸೀನಿದ ಸಾವ್ಕಾರ

ಊಟಕ್ಕೆ ಕೂತಿದ್ದರೆ ಇದನ್ನು ಆಮೇಲೆ ಓದಿ... ಹೊಟ್ಟೆ ತೊಳಸುವಂಥ ಕಥೆ.

ಹೊಸ ಜ್ವರದ ಸುದ್ದಿ ಟಿವಿಯಲ್ಲಿ ಆಗಷ್ಟೇ ಶುರುವಾಗಿತ್ತು. ಬಸ್ಸು, ರೈಲು ಇನ್ನೂ ಓಡುತ್ತಿದ್ದವು... ಜನ ಮಾತ್ರ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತಿದ್ದರು.

ರಾಣೆಬೆನ್ನೂರಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದ ರಾಚಪ್ಪನವರು ಮಾಲು ಖರೀದಿಗೆ ಮುಂಬೈಗೆ ಹೋಗಿದ್ದರು. ವಾಪಸ್ಸು ಬರುವಾಗ ಹುಬ್ಬಳ್ಳಿವರೆಗೆ ರೈಲು... ಅಲ್ಲಿಂದ ಬ್ಯಾಡಗಿ ಮೇಲೆ ರಾಣೆಬೆನ್ನೂರಿಗೆ ಹೋಗುವ ಬಸ್ಸು.

ರೈಲಿನಲ್ಲೇ ಗಂಟಲು ಕೆರೆಯುತ್ತಿತ್ತು, ಕೆಮ್ಮು ಬರುತ್ತಿತ್ತು, ಮೈ ಬಿಸಿಯಾಗಿತ್ತು. ಏಸಿಯ ತಂಡಿ ಎಂದುಕೊಂಡು ಒಂದು ಮಾತ್ರೆ ನುಂಗಿ ಸುಮ್ಮನಾದರು.

ಬಸ್ಸು ಹತ್ತಿದ್ದೇ ತಡ, ಮೂಗು ಮುರಿದರು. ಕಿಟಕಿಯ ಸರಳಿಗೆ ಒಣಗಿದ ಗುಟ್ಕಾ ಉಗುಳು... ಕಾಲಡಿಯಲ್ಲಿ ಶೇಂಗಾ ಸಿಪ್ಪೆ... ಮುಂದಿನ ಸೀಟಿನವನು ಮೂಗಿನಲ್ಲಿ ಬೆರಳಾಡಿಸಿ ಅದನ್ನು ಸೀಟಿನ ಹಿಡಿಕೆಗೇ ಒರೆಸಿದ.

"ಥೂ... ನಮ್ಮ ಮಂದಿಗೆ ಯಾವಾಗ ಬುದ್ಧಿ ಬರತೈತ್ರೀ?" ಎಂದು ಪಕ್ಕದಲ್ಲಿ ಕೂತಿದ್ದ, ಕುಬಸದ ಎಂಬ ಅಡ್ಡಹೆಸರಿನ ಮಾಸ್ತರರನ್ನು ಕೇಳಿದರು. ಶಾಲೆಯಿಂದ ರಿಟೈರ್ ಆಗಿದ್ದ ಮಾಸ್ತರರು ಮೆತ್ತಗೆ ನಕ್ಕರು.

ರಾಚಪ್ಪನವರು ಬಾಟಲಿ ತೆಗೆದು ಸೀಟಿಗೆ, ಸರಳಿಗೆ, ಅಂಗೈಗೆಲ್ಲ ಸ್ಯಾನಿಟೈಸರ್ ಹಚ್ಚಿದರು. ಮೂಗಿನ ಮೇಲೆ ಹೊಚ್ಚ ಹೊಸ ಮಾಸ್ಕು.

ಆದರೆ ಸೀನು ಬಂದಾಗ ಮಾತ್ರ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಜೋರಾಗಿ ಸೀನಿ, ಮತ್ತೆ ಏರಿಸಿಕೊಳ್ಳುತ್ತಿದ್ದರು.

ಹೊಸ ಮಾಸ್ಕು ಹೊಲಸಾಗಬಾರದಲ್ಲ...

ಒಂದು ಸಲ ತುಂತುರು ಮಾಸ್ತರರ ಕನ್ನಡಕದ ಮೇಲೆ ಬಿತ್ತು. ಸಂಕೋಚದ ಮನುಷ್ಯ... ಪಂಚೆಯ ತುದಿಯಿಂದ ಒರೆಸಿಕೊಂಡರು.

ಸಂಜೆ ಹೊತ್ತಿಗೆ ಬಸ್ಸು ಬ್ಯಾಡಗಿಗೆ ಬಂತು. ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಒಬ್ಬ ಹೆಂಗಸು ಹತ್ತಿ ರಾಚಪ್ಪನವರ ಹಿಂದಿನ ಸೀಟಿನಲ್ಲಿ ಕೂತಳು. ಹೆಸರು ಫಕ್ಕೀರವ್ವ.

ಬೆಳಗಿನಿಂದ ಮಾರ್ಕೆಟ್ಟಿನಲ್ಲಿ ಒಣಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದವಳು. ಸೀರೆಯ ತುಂಬ ಮೆಣಸಿನಕಾಯಿ ಘಾಟು.

ಆ ಕಡೆ ಓಡಾಡುವವರಿಗೆ ಈ ಘಾಟು ಹೊಸದಲ್ಲ. ಬೇರೆ ದಿನವಾಗಿದ್ದರೆ ನಾಲ್ಕು ಸಲ ಸೀನಿ, ನಗಾಡಿ, ಕಿಟಕಿ ತೆಗೆಯುತ್ತಿದ್ದರು.

ಅವತ್ತು ಯಾರೂ ನಗಲಿಲ್ಲ... ಎಲ್ಲರ ತಲೆಯಲ್ಲೂ ಟಿವಿ ಓಡುತ್ತಿತ್ತು.

ಫಕ್ಕೀರವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೆಮ್ಮಿದಳು. ರಾಚಪ್ಪನವರಿಗೂ ತಡೆಯಲಾರದಷ್ಟು ಕೆಮ್ಮು ಒತ್ತರಿಸಿ ಬಂತು. ಇಡೀ ಬಸ್ಸು ಅವರ ಕಡೆ ತಿರುಗಿತು.

"ಏನ್ರೀ ಸಾವ್ಕಾರ್ರ, ಜಡ್ಡೇನ್ರೀ?" ಎಂದು ಕಂಡಕ್ಟರ್ ಕೇಳಿದ.

ತಮ್ಮನ್ನೇ ಇಳಿಸಿಬಿಟ್ಟಾರು ಎಂದು ಹೆದರಿದ ರಾಚಪ್ಪನವರ ಬೆರಳು ಹಿಂದಿನ ಸೀಟಿನತ್ತ ಎದ್ದಿತು.

"ನನಗೇನಾಗೈತಿ? ಈಕಿ ಹತ್ತಿದ ಮ್ಯಾಲೆ ಶುರುವಾತು. ಮೊದಲ ಈಕಿನ್ನ ಇಳಸು."

ಹಸಿ ಸುಳ್ಳು. ಆದರೆ ಹೆದರಿದ ಜನಕ್ಕೆ ಅಷ್ಟೇ ಸಾಕಿತ್ತು. ಮಾಸ್ತರರು ಕೂಡ ತಲೆ ತಗ್ಗಿಸಿ ಕೂತರು.

"ಯಣ್ಣಾ, ಇದು ಮೆಣಸಿನಕಾಯಿ ಘಾಟ್ರೀ, ಜಡ್ಡಲ್ಲ. ಈ ಬಸ್ ಬಿಟ್ರ ನಮ್ಮೂರಿಗೆ ಬ್ಯಾರೆ ಬಸ್ಸಿಲ್ರೀ. ಕೂಸು ಐತಿ..."

ಯಾರೂ ಕೇಳಲಿಲ್ಲ. ಊರ ಹೊರಗಿನ ಕ್ರಾಸಿನಲ್ಲಿ ಬಸ್ಸು ನಿಂತಿತು. ಅವಳು ಇಳಿದ ಮೇಲೆ ರಾಚಪ್ಪನವರು ಅವಳು ಹಿಡಿದಿದ್ದ ಕಂಬಿಗೂ ಸ್ಯಾನಿಟೈಸರ್ ಹೊಡೆದರು. ಥೂ... ಬರೆಯುವುದಕ್ಕೂ ಅಸಹ್ಯವಾಗುತ್ತದೆ.

ವಾರದೊಳಗೆ ರಾಚಪ್ಪನವರು ಆಸ್ಪತ್ರೆಯಲ್ಲಿದ್ದರು. ಪಕ್ಕದ ಮಂಚದಲ್ಲಿ ಅದೇ ಕಂಡಕ್ಟರ್... ಆ ಬಸ್ಸಿನಲ್ಲಿದ್ದ ಇನ್ನೂ ಎಷ್ಟೋ ಜನ.

ರಾಚಪ್ಪನವರು ಬದುಕಿಕೊಂಡರು. ಕುಬಸದ ಮಾಸ್ತರರು ಬದುಕಲಿಲ್ಲ.

"ರೋಗ ನೀವು ಮುಂಬೈಯಿಂದ ತಂದದ್ದೇ" ಎಂದು ಡಾಕ್ಟರು ಹೇಳಿದ ದಿನದಿಂದ ರಾಚಪ್ಪನವರಿಗೆ ತಮ್ಮ ಮೈಯೇ ಹೇಸಿಗೆಯಾಯಿತು. ಎಷ್ಟು ಸೋಪು ಹಚ್ಚಿದರೂ ಮಾಸ್ತರರ ಕನ್ನಡಕ ಕಣ್ಣ ಮುಂದಿನಿಂದ ಹೋಗಲಿಲ್ಲ.

ಜ್ವರದ ಭಯಕ್ಕೆ ಮುಚ್ಚಿದ್ದ ಮಾರ್ಕೆಟ್ಟು ಮತ್ತೆ ತೆರೆದಾಗ, ಕಂಡಕ್ಟರ್ ಹೇಳಿದ ಗುರುತು ಹಿಡಿದು ಬ್ಯಾಡಗಿಗೆ ಹೋದರು. ಕೈಯಲ್ಲಿ ಒಂದು ಸೀರೆ, ಒಂದಿಷ್ಟು ಸೇಬು... ಇಷ್ಟು ಕೊಟ್ಟು, ನಾಲ್ಕು ಬೈಗುಳ ತಿಂದರೆ ಮನಸ್ಸು ಹಗುರಾದೀತು ಎಂಬ ಲೆಕ್ಕ.

ಕೆಂಪು ರಾಶಿಯ ಪಕ್ಕದಲ್ಲಿ ಕೂತಿದ್ದ ಫಕ್ಕೀರವ್ವ ಅವರನ್ನು ನೋಡಿದ್ದೇ ಎದ್ದು ನಿಂತು ಕೈ ಮುಗಿದಳು.

"ಬಸ್ಸಿನಾಗ ಇದ್ದೋರಿಗೆಲ್ಲಾ ಜಡ್ಡಾತಂತ್ರೀ. ನಮ್ಮನ್ನ ಹುಡುಕ್ಕೋಂತ ಬಂದು ತಪಾಸ ಮಾಡಿದ್ರು, ಏನೂ ಇರಲಿಲ್ಲ. ಅವತ್ತು ನಿಮ್ಮನ್ನ ಭಾಳ ಬೈಕೊಂಡೆ ಸಾವ್ಕಾರ್ರ... ನೀವು ಇಳಸಿದ್ದಕ್ಕ ನನ್ನ ಕೂಸು ಉಳೀತು."

ಅಷ್ಟು ಹೇಳಿ, ಕೂಸಿನ ಹಣೆಯನ್ನು ಅವರ ಕಾಲಿಗೆ ಮುಟ್ಟಿಸಿದಳು.

ರಾಚಪ್ಪನವರು ಹೆಜ್ಜೆ ಹಿಂದಿಟ್ಟರು. ಸುಮ್ಮನಿದ್ದಿದ್ದರೆ ದೇವರಂಥ ಮನುಷ್ಯ ಎನ್ನಿಸಿಕೊಂಡು ಮನೆಗೆ ಹೋಗಬಹುದಿತ್ತು... ಆದರೆ ಕೂಸಿನ ಮುಖ ನೋಡಿ ನಿಜ ಹೇಳಿಯೇಬಿಟ್ಟರು.

"ಬ್ಯಾಡವಾ... ಆ ಜಡ್ಡು ತಂದಾಂವ ನಾನ. ನೀ ಹತ್ತೂಕಿಂತ ಮೊದಲ ನಾ ಕೆಮ್ಮತಿದ್ದೆ. ಸುಳ್ಳು ಹೇಳಿ ನಿನ್ನ ಇಳಿಸಿದೆ."

ಫಕ್ಕೀರವ್ವ ಬೈಯಲಿಲ್ಲ.

ಕೂಸನ್ನು ಎದೆಗೆ ಎತ್ತಿಕೊಂಡಳು. ಅವರ ಕಾಲಿಗೆ ತಾಗಿದ್ದ ಅದರ ಹಣೆಯನ್ನು ಸೆರಗಿನಿಂದ ಒರೆಸಿದಳು... ಮತ್ತೆ ಒರೆಸಿದಳು... ಆಮೇಲೆ ಬೆನ್ನು ತಿರುಗಿಸಿ ಕೂತು ತೊಟ್ಟು ಬಿಡಿಸತೊಡಗಿದಳು.

ಸೇಬಿನ ಚೀಲ ಹಿಡಿದುಕೊಂಡೇ ರಾಚಪ್ಪನವರು ಅಲ್ಲಿ ನಿಂತು ಅತ್ತರು. ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು ಬರುವ ಜಾಗ ಅದು... ಯಾರೂ ಯಾಕೆಂದು ಕೇಳಲಿಲ್ಲ.

*ನಾವು ಮೂಗು ಮುಚ್ಚಿಕೊಂಡು ದೂರ ತಳ್ಳುವ ಹೊಲಸು ಎಷ್ಟೋ ಸಲ ನಮ್ಮೊಳಗೇ ಕೂತು ಪ್ರಯಾಣ ಮಾಡುತ್ತಿರುತ್ತದೆ.*

ನೀವು ಇತ್ತೀಚೆಗೆ ಯಾರನ್ನು ಕಂಡು "ಥೂ" ಅಂದಿರಿ... ಆಗ ನಿಮ್ಮ ಮಾಸ್ಕು ಎಲ್ಲಿತ್ತು?