ಹೊಡೆಯಲೆಂದೇ ಕಟ್ಟಿದ ವಿಮಾನ

ಫಿರಂಗಿ ದಳದವರು ಗುರಿ ಕಲಿಯಲೆಂದು ಎಂಜಿನಿಯರ್ ವಾರಿಜಾ ಪೈಲಟ್ ಇಲ್ಲದೆ ಹಾರುವ ವಿಮಾನವೊಂದನ್ನು ಕಟ್ಟಿದ್ದಳು. ನೆಲದ ಮೇಲೆ ಕೂತು ರೇಡಿಯೊದಲ್ಲೇ ಅದನ್ನು ನಡೆಸಬೇಕು. ಅಂದು ಅದರ ಮೊದಲ ಹಾರಾಟ. ಕಡಲ ದಂಡೆಯಲ್ಲಿ ಫಿರಂಗಿಗಳು, ಅವುಗಳ ಹಿಂದೆ ಶಾಮಿಯಾನದ ತುಂಬ ಅಧಿಕಾರಿಗಳ ಸಂಸಾರ.

ದಳದ ಕ್ಯಾಪ್ಟನ್ ಬೋಪಯ್ಯ ಮೆದು ಮನಸ್ಸಿನವನು. "ವರ್ಷಗಟ್ಟಲೆ ಕಷ್ಟಪಟ್ಟಿದ್ದೀರಿ ಮೇಡಂ. ಇವತ್ತು ಪಕ್ಕಕ್ಕೆ ಗುಂಡು ಹಾರಿಸ್ತೇವೆ, ಹೊಡೆಯೋದಿಲ್ಲ" ಎಂದು ಮೊದಲೇ ಮಾತು ಕೊಟ್ಟಿದ್ದ.

ವಿಮಾನ ಕಡಲ ಮೇಲೆ ಸುತ್ತು ಹಾಕಿ ದಂಡೆಯತ್ತ ತಿರುಗಿತು. ಗುಂಡುಗಳು ಅದರ ಪಕ್ಕದಲ್ಲೇ ಸಿಡಿದವು. ಜನ ಚಪ್ಪಾಳೆ ತಟ್ಟಿದರು.

ರೇಡಿಯೊ ಪೆಟ್ಟಿಗೆಯ ಮುಂದಿದ್ದ ವಾರಿಜಾ ಜೋರಾಗಿ ನಕ್ಕಳು. "ಏನ್ ಕ್ಯಾಪ್ಟನ್, ನಿಮ್ಮ ಕೈಲಿ ಆಗೋದು ಇಷ್ಟೇನಾ?"

"ಮೇಡಂ, ನಾನು ಬೇಕಂತಲೇ..."

"ಗುರಿ ತಪ್ಪಿದವರೆಲ್ಲ ಹಾಗೇ ಅನ್ನೋದು! ನಿಮ್ಮ ಜವಾನರೇ ನಗ್ತಿದ್ದಾರೆ ನೋಡಿ. ಧೈರ್ಯ ಇದ್ರೆ ಹೊಡೆದು ತೋರಿಸಿ."

ಬೋಪಯ್ಯನ ಮುಖ ಕೆಂಪಗಾಯಿತು. ಜವಾನನನ್ನು ಸರಿಸಿ ತಾನೇ ಫಿರಂಗಿಯ ಹಿಂದೆ ಕೂತ. ಎರಡನೆಯ ಗುಂಡಿಗೆ ವಿಮಾನ ಹೊತ್ತಿಕೊಂಡು ಅಲೆಗಳ ನಡುವೆ ಬಿತ್ತು.

ಆಮೇಲೆ ಸಪ್ಪೆ ಮುಖ ಮಾಡಿಕೊಂಡು ಅವಳ ಬಳಿ ಬಂದ. "ತಪ್ಪಾಯ್ತು ಮೇಡಂ, ಸಿಟ್ಟು ತಡೆಯೋಕೆ ಆಗ್ಲಿಲ್ಲ. ನೀವಾದರೂ ಅದನ್ನ ಆಚೆ ತಿರುಗಿಸಬಹುದಿತ್ತಲ್ಲ?"

ವಾರಿಜಾ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಬೆರಳುಗಳು ತಣ್ಣಗಾಗಿದ್ದವು.

"ಅದು ನನ್ನ ಮಾತು ಕೇಳೋದು ಬಿಟ್ಟು ನೆಟ್ಟಗೆ ಶಾಮಿಯಾನದ ಕಡೆಗೇ ಬರ್ತಿತ್ತು ಕ್ಯಾಪ್ಟನ್, ಅಲ್ಲಿ ನಿಮ್ಮ ಮಕ್ಕಳಿದ್ದರು, ಹೇಳಿದ್ದರೆ ನಿಮ್ಮ ಕೈ ನಡುಗ್ತಿತ್ತು."