ಬೇಲಿಯ ಗೆಳೆಯ

“ಕಳೆದುಹೋದವರ ಹೆಸರೇನು?” ವಿಚಾರಣೆಯ ಶಾಮಿಯಾನದಲ್ಲಿ ಮೈಕಿನ ಮುಂದೆ ಕುಳಿತಿದ್ದ ಹುಡುಗಿ ಕೇಳಿದಳು.

ದರ್ಜಿ ತಲೆ ಕೆರೆದುಕೊಂಡ. “ಹೆಸರು ಗೊತ್ತಿಲ್ಲಮ್ಮ. ನಾನು ಅವರನ್ನ ಸ್ವಾಮಿ ಅಂತಿದ್ದೆ. ಅವರೂ ನನ್ನನ್ನ ಸ್ವಾಮಿ ಅಂತಲೇ ಕರೀತಿದ್ರು.”

“ಯಾವಾಗಿಂದ ಕಾಣ್ತಿಲ್ಲ? ಬೆಳಿಗ್ಗೆಯಿಂದಾನಾ?”

“ಗೋಡೆ ಕಟ್ಟಿದಾಗಿನಿಂದ.”

ಹುಡುಗಿ ಪೆನ್ನು ಕೆಳಗಿಟ್ಟಳು. ಪಾಪ, ಅವಳಿಗೇನು ಗೊತ್ತು? ವಾಯುನೆಲೆಯ ಸುತ್ತ ಮೊದಲು ಬರೀ ತಂತಿಬೇಲಿ ಇತ್ತು. ಮಾಡಲು ಬೇರೆ ಕೆಲಸವಿಲ್ಲವೇ ಎಂದು ಹೆಂಡತಿ ಬೈದರೂ ರಜೆ ಬಂತೆಂದರೆ ದರ್ಜಿ ಆ ಬೇಲಿಗೆ ಮೂಗು ಒತ್ತಿ ನಿಲ್ಲುತ್ತಿದ್ದ. ಪಕ್ಕದಲ್ಲಿ ಅವರು. ಕಣ್ಣು ಮುಚ್ಚಿಕೊಂಡು ಸದ್ದಿನಿಂದಲೇ ಯಾವ ವಿಮಾನವೆಂದು ಹೇಳುವುದು ಅವರ ಕೆಲಸ, ದುರ್ಬೀನಿನಲ್ಲಿ ನೋಡಿ ಹೌದೋ ಅಲ್ಲವೋ ಹೇಳುವುದು ಇವನ ಕೆಲಸ. ತಪ್ಪಿದರೆ ಅವರು ಚಹಾ ಕುಡಿಸಬೇಕು. ಮನೆ, ಮಕ್ಕಳು, ಕಾಯಿಲೆ ಕಸಾಲೆಯ ಮಾತನ್ನು ಮಾತ್ರ ಬೇಲಿಯ ಹತ್ತಿರ ಯಾರೂ ಎತ್ತುತ್ತಿರಲಿಲ್ಲ. ಅದನ್ನೆಲ್ಲ ಮರೆಯಲೆಂದೇ ತಾನೇ ಅಲ್ಲಿಗೆ ಬರುವುದು? ಹೆಸರು ಕೇಳದೆಯೇ ಇಬ್ಬರ ತಲೆಯೂ ನರೆಯಿತು.

ಆಮೇಲೊಂದು ದಿನ ಬಂದು ನೋಡಿದರೆ ಬೇಲಿ ಕಿತ್ತು ಎರಡಾಳೆತ್ತರದ ಗೋಡೆ ಎಬ್ಬಿಸುತ್ತಿದ್ದರು. ಬೇಲಿಯುದ್ದಕ್ಕೂ ಇವರಂತೆಯೇ ನಿಲ್ಲುತ್ತಿದ್ದವರೆಲ್ಲ ದಿಕ್ಕಿಗೊಬ್ಬರಾದರು. ಅದೇ ವರ್ಷ ಹೆಂಡತಿಯೂ ತೀರಿಹೋದಳು. ಆಗ ದರ್ಜಿಗೆ ಪಕ್ಕದಲ್ಲಿ ಸುಮ್ಮನೆ ನಿಲ್ಲಲು ಒಬ್ಬರು ಬೇಕೆನಿಸಿತ್ತು. ಆದರೆ ಹುಡುಕಿಕೊಂಡು ಹೋಗಲು ಅವರ ಬೀದಿಯೇ ಗೊತ್ತಿರಲಿಲ್ಲ.

ಗೋಡೆ ಎದ್ದ ಮೇಲೆ ಇವತ್ತೇ ಮೊದಲ ಸಲ, ವಿಮಾನ ಪ್ರದರ್ಶನಕ್ಕೆಂದು ನೆಲೆಯ ಗೇಟು ಎಲ್ಲರಿಗೂ ತೆರೆದಿತ್ತು. ಅವರು ಇದನ್ನು ತಪ್ಪಿಸಿಕೊಳ್ಳುವ ಆಸಾಮಿಯಲ್ಲ. ದರ್ಜಿ ಬಂದಾಗಿನಿಂದ ಒಂದು ವಿಮಾನವನ್ನೂ ನೆಟ್ಟಗೆ ನೋಡಿರಲಿಲ್ಲ, ಬರೀ ಮುಖಗಳನ್ನು ನೋಡುತ್ತಿದ್ದ.

“ನೋಡೋಕೆ ಹೇಗಿದ್ದಾರೆ?”

“ನರೆತ ತಲೆ. ಕತ್ತು ಮೇಲೆತ್ತಿಕೊಂಡೇ ಇರ್ತಾರೆ.”

“ತಾತ, ಇಲ್ಲಿ ಎಲ್ಲರೂ ಹಾಗೇ ಇದ್ದಾರಲ್ಲ!” ನಕ್ಕ ಹುಡುಗಿ ಅವನ ಮುಖ ನೋಡಿ ನಗು ನುಂಗಿಕೊಂಡಳು. ಮೈಕು ಎಳೆದುಕೊಂಡಳು. “ಹಳೆಯ ಬೇಲಿಯ ಬಳಿ ನಿಂತು ವಿಮಾನ ನೋಡುತ್ತಿದ್ದವರೇ, ನಿಮ್ಮ ಪಕ್ಕದಲ್ಲಿ ನಿಲ್ಲುತ್ತಿದ್ದ ಗೆಳೆಯರು ನಿಮಗಾಗಿ ಕಾಯುತ್ತಿದ್ದಾರೆ. ದಯವಿಟ್ಟು ವಿಚಾರಣೆಯ ಶಾಮಿಯಾನಕ್ಕೆ ಬನ್ನಿ.”

ಮೊದಲು ಬಂದವರು ಟೋಪಿ ಹಾಕಿದ ಒಬ್ಬ ದಪ್ಪ ಮನುಷ್ಯ. ನಗುನಗುತ್ತ ಬಂದವರು ದರ್ಜಿಯನ್ನು ಕಂಡು ಪೆಚ್ಚಾದರು. “ಓ, ನಾನು ಬೇರೆ ಯಾರೋ ಅಂದ್ಕೊಂಡೆ.” ಅವರ ಹಿಂದೆ ಕೋಲೂರಿಕೊಂಡು ಮತ್ತೊಬ್ಬರು. ಆಮೇಲೆ ಇನ್ನೊಬ್ಬರು, ಮಗದೊಬ್ಬರು. ಎಲ್ಲರದೂ ನರೆತ ತಲೆ, ಎಲ್ಲರೂ ಒಂಟಿ. ಒಬ್ಬರೂ ತಿರುಗಿ ಹೋಗಲಿಲ್ಲ. ಮತ್ತೆ ಯಾರಾದರೂ ಬಂದಾರೇನೋ ಎಂದು ನೆರಳಿನಲ್ಲಿ ದಾರಿ ನೋಡುತ್ತ ನಿಂತರು. ಕರೆಸಿದ್ದು ದರ್ಜಿ, ಅವನಿಗೆ ಬೇಕಾದವರು ಮಾತ್ರ ಬರಲಿಲ್ಲ.

ಕೊನೆಯ ವಿಮಾನವೂ ಇಳಿಯಿತು. ನಿಂತಿದ್ದವರು ಒಬ್ಬೊಬ್ಬರಾಗಿ ಕರಗಿದರು. ಹುಡುಗಿ ಮೈಕಿನ ತಂತಿ ಸುತ್ತತೊಡಗಿದಳು. ಆಗ ರನ್‌ವೇಯ ಆ ತುದಿಯಿಂದ ಮುದುಕರೊಬ್ಬರು ಏದುಸಿರು ಬಿಡುತ್ತ ಬಂದರು. ಅಂಗಿಯ ಗುಂಡಿ ಒಂದಕ್ಕೊಂದು ತಾಳೆಯಾಗದಂತೆ ಹಾಕಿಕೊಂಡಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಶಾಮಿಯಾನದ ಕಂಬ ತಡವಿ, ಅದರಾಚೆ ನಿಂತಿದ್ದ ದರ್ಜಿಯ ಎರಡೂ ಕೈ ಹಿಡಿದುಕೊಂಡರು.

“ಕ್ಯಾಪ್ಟನ್! ನೀವು ಬಂದೇ ಬರ್ತೀರ ಅಂತ ಮನೇಲಿ ಹೇಳ್ತಾನೇ ಇದ್ದೆ. ಯಾರೂ ನಂಬಲಿಲ್ಲ. ಕರೆದಿದ್ದು ನೀವೇ ತಾನೇ?”

ಆ ಮುಖವನ್ನು ದರ್ಜಿ ಎಂದೂ ಕಂಡಿರಲಿಲ್ಲ. ಜೀವಮಾನದಲ್ಲಿ ಅವನನ್ನು ಯಾರೂ ಕ್ಯಾಪ್ಟನ್ ಎಂದಿರಲಿಲ್ಲ.

“ನಾನೇ” ಎಂದ, ದನಿಯ ಗುರುತು ಸಿಗದಷ್ಟು ಮೆಲ್ಲಗೆ.